ಒಂದನೇ ಕ್ಲಾಸಿನ ಮಕ್ಕಳನ್ನು ಆರಿಸಿಕೊಳ್ಳಬೇಡಿ: ಕ್ರೈಸ್ತ ಪ್ರಾಥಮಿಕ ಶಾಲೆಗಳ ಹಿರಿಯರಿಗೆ ಒಂದು ಬಹಿರಂಗ ಪತ್ರ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಪ್ರಾಥಮಿಕ ಶಾಲೆ ನಡೆಸುತ್ತಿರುವ ಕ್ರೈಸ್ತ ಸಂಸ್ಥೆಗಳ ಆಡಳಿತ ಮಂಡಳಿಯವರಿಗೆ, ಬಿಷಪ್‌ರಿಗೆ, ಸಭಾಪಾಲಕರಿಗೆ, ಫಾದರ್ ಮತ್ತು ಸಿಸ್ಟರ್‌ಗಳಿಗೆ ಗುಳೇದಗುಡ್ಡದಿಂದ ನಮಸ್ಕಾರಗಳು.

ನಾನು ನೇಕಾರರ ಮನೆಯ ಹೆಣ್ಣುಮಗಳು. ಕ್ರೈಸ್ತಳಲ್ಲ. ಬೆಳಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಮಿಷನ್ ಸಾಲಿಗೆ ಹೋಗಿ ಅಕ್ಷರ ಕಲಿತವಳು. ಆ ವಿಭೂತಿ ಅಳಿಸಿಕೊಂಡು ಬಾ ಎಂದು ಅಲ್ಲಿ ಯಾರೂ ಯಾವತ್ತೂ ಹೇಳಲಿಲ್ಲ. ಮುಂದೆ ಟಿ.ಸಿ.ಎಚ್. ಮುಗಿಸಿ ಸರ್ಕಾರಿ ಕನ್ನಡ ಶಾಲೆಯ ಶಿಕ್ಷಕಿಯಾದೆ. ಒಂದನೇ, ಎರಡನೇ ತರಗತಿಯ ಮಕ್ಕಳ ನಡುವೆಯೇ ನನ್ನ ನೌಕರಿ ಮುಗಿಯಿತು. ಈಗ ಮನೆಯಲ್ಲಿದ್ದೇನೆ.

ನಿಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಒಂದನೇ ಕ್ಲಾಸಿಗೆ ಬರುವ ಮಕ್ಕಳನ್ನು ಆರಿಸಿಕೊಳ್ಳುವುದನ್ನು ನಿಲ್ಲಿಸಿ. ಬಂದವರನ್ನು ಸೇರಿಸಿಕೊಳ್ಳಿ. ಜಾಗ ಕಡಿಮೆ ಇದ್ದರೆ ಎಲ್ಲರ ಎದುರಿಗೆ ಚೀಟಿ ಎತ್ತಿ.

ಇದನ್ನು ಈಗ ಬರೆಯಲು ಕಾರಣ ನಮ್ಮ ಓಣಿಯ ಒಂದು ಮಗು. ಅಪ್ಪ, ಅವ್ವ ಇಬ್ಬರೂ ಮಗ್ಗದ ಮೇಲೆ ದುಡಿಯುವವರು. ಕಳೆದ ಬೇಸಿಗೆಯಲ್ಲಿ ಮಗಳನ್ನು ಒಂದು ಕ್ರೈಸ್ತ ಶಾಲೆಗೆ ಸೇರಿಸಲು ಕರೆದುಕೊಂಡು ಹೋದರು. ಶಾಲೆಯ ಹೆಸರು ಬೇಡ, ಒಂದೇ ಶಾಲೆಯ ಮಾತು ಇದಲ್ಲ. ಅರ್ಜಿಯಲ್ಲಿ ತಂದೆ ಎಷ್ಟು ಓದಿದ್ದಾರೆ, ತಾಯಿ ಎಷ್ಟು ಓದಿದ್ದಾರೆ, ವರ್ಷದ ಆದಾಯ ಎಷ್ಟು, ಮನೆಯಲ್ಲಿ ಇಂಗ್ಲಿಷ್ ಮಾತಾಡುತ್ತೀರಾ ಎಂದೆಲ್ಲ ಕೇಳಿದ್ದರು. ಆಮೇಲೆ ಸಂದರ್ಶನ. ಮಗುವಿನ ಮುಂದೆ ಬಣ್ಣದ ಚಿತ್ರ ಹಿಡಿದು ಇಂಗ್ಲಿಷಿನಲ್ಲಿ ಬಣ್ಣಗಳ ಹೆಸರು ಹೇಳು ಎಂದರು. ರವಿಕೆಯ ಖಣ ನೇಯುವ ಮನೆಯ ಮಗು ಅದು. ಗಿಳಿಹಸಿರು, ಜಾಂಬಳಿ, ಅರಿಶಿನ ಎಂದು ನೂಲಿನ ಎಲ್ಲ ಬಣ್ಣ ಅದಕ್ಕೆ ಗೊತ್ತು. ಇಂಗ್ಲಿಷಿನಲ್ಲಿ ಒಂದೂ ಗೊತ್ತಿಲ್ಲ. ಸುಮ್ಮನೆ ನಿಂತುಬಿಟ್ಟಿತು. ಎರಡು ದಿನ ಬಿಟ್ಟು ಸೀಟು ಮುಗಿದಿವೆ ಎಂದರು. ಅದಾದ ಮೇಲೂ ಅದೇ ಕ್ಲಾಸಿಗೆ ಬೇರೆ ಮಕ್ಕಳು ಸೇರಿದರು.

ಆ ತಾಯಿ ನನ್ನ ಹತ್ತಿರ ಬಂದು ಕೇಳಿದ್ದು ಇಷ್ಟೇ: "ಅಕ್ಕೋರ, ನಾವು ಓದಿಲ್ಲಂತ ನಮ್ಮ ಹುಡುಗೀನೂ ಓದಬಾರದೇನ್ರಿ?"

ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಕೊಡಬೇಕಾದವರು ನೀವು. ಅದಕ್ಕೇ ಈ ಪತ್ರ.

ಲಂಡನ್ ಮಿಷನ್ ಬೆಳಗಾವಿಗೆ ಬಂದದ್ದು 1820ರಲ್ಲಿ. ಬೆನನ್ ಸ್ಮಿತ್ ಶಾಲೆಯ ಹೆಸರಿನಲ್ಲಿ ಆ ಕಾಲದ ನೆನಪು ಇವತ್ತಿಗೂ ಇದೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ನಮ್ಮ ಗುಳೇದಗುಡ್ಡ. ನೇಕಾರರಿದ್ದ ಊರುಗಳನ್ನು ಹುಡುಕಿಕೊಂಡು ಬಂದ ಹಾಗೆ ಕಾಣುತ್ತದೆ, ಅಲ್ವಾ? ಅವರು ಮತ ಹರಡಲು ಬಂದವರು. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬಂದವರು ಮೊದಲು ಇಲ್ಲಿಯ ಜನರ ಭಾಷೆ ಕಲಿತರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಮೊಗ್ಲಿಂಗ್ ಅವರೊಳಗಿನವರು. 1894ರಲ್ಲಿ ದೊಡ್ಡ ಕನ್ನಡ ನಿಘಂಟು ಕೊಟ್ಟ ಕಿಟೆಲ್ ಕೂಡ. ಮಗುವಿಗೆ ಇಂಗ್ಲಿಷ್ ಬರುತ್ತದೋ ಇಲ್ಲವೋ ಎಂದು ನೋಡಿ ಬಾಗಿಲು ತೆಗೆಯುವ ಪದ್ಧತಿ ಅವರಿಂದ ಬಂದದ್ದಲ್ಲ.

ಆ ಕಾಲದಲ್ಲಿ ಶಾಲೆಯ ಬಾಗಿಲು ಎಂದರೆ ಏನಿತ್ತು ಎಂಬುದಕ್ಕೆ ಧಾರವಾಡದ ಒಂದು ಪ್ರಸಂಗ ದಾಖಲೆಯಲ್ಲಿದೆ. 1856ರ ಜೂನ್‌ನಲ್ಲಿ, ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಮಹಾರ್ ಜಾತಿಯ ಒಬ್ಬ ಹುಡುಗ ಅಲ್ಲಿಯ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಬೊಂಬಾಯಿ ಸರ್ಕಾರಕ್ಕೆ ಬರೆದ. ಅವರೂ ಅವನ ಪರ ನಿಲ್ಲಲಿಲ್ಲ. ಒಬ್ಬ ಹುಡುಗನಿಗಾಗಿ ಶಾಲೆಯನ್ನೇ ಕಳೆದುಕೊಳ್ಳಲು ಅವರು ತಯಾರಿರಲಿಲ್ಲ. ಅವನು ಬಂದರೆ ಉಳಿದವರು ಬಿಟ್ಟುಹೋಗುತ್ತಾರೆ ಎಂಬ ಅಂಜಿಕೆ. ಈ ಸಂಗತಿ ಕಲ್ಕತ್ತೆಯವರೆಗೂ, ಲಂಡನ್‌ವರೆಗೂ ಹೋಯಿತು. ಪೂರ್ತಿ ಸರ್ಕಾರಿ ಖರ್ಚಿನಲ್ಲಿ ನಡೆಯುವ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರುತ್ತವೆ ಎಂದು ಬೊಂಬಾಯಿ ಸರ್ಕಾರ ಹೇಳಿದ್ದು 1858ರಲ್ಲಿ. ಈ ಕಥೆಯನ್ನು ಅಂಬೇಡ್ಕರ್ ಅವರು ತಮ್ಮ ಬರಹದಲ್ಲಿ ಎತ್ತಿ ಹೇಳಿದ್ದಾರೆ.

ಮಿಷನ್ ಶಾಲೆಗಳೆಲ್ಲ ಆಗ ಹಾಲಿನಂತೆ ಇದ್ದವು ಎಂದು ನಾನು ಹೇಳುವುದಿಲ್ಲ. ದೊಡ್ಡ ಊರುಗಳಲ್ಲಿ ಮೇಲ್ಜಾತಿಯ ಹುಡುಗರಿಗೆ ಇಂಗ್ಲಿಷ್ ಕಲಿಸಲೆಂದೇ ತೆರೆದವೂ ಇದ್ದವು. ಆದರೆ ಬೇರೆ ಯಾರೂ ಕರೆಯದ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಕರೆದು ಕೂರಿಸಿಕೊಂಡವು ನಿಮ್ಮ ಶಾಲೆಗಳೇ. ನಿಮ್ಮ ಮೇಲೆ ಜನರಿಗೆ ಇವತ್ತಿಗೂ ಇರುವ ನಂಬಿಕೆಗೆ ಕಾರಣ ಕಟ್ಟಡ ಅಲ್ಲ, ಯೂನಿಫಾರ್ಮ್ ಅಲ್ಲ, ರಿಸಲ್ಟ್ ಕೂಡ ಅಲ್ಲ. ಇದು.

ನಾನು ಕಲಿತ ಸಾಲಿಯ ವಿಷಯಕ್ಕೆ ಬರುತ್ತೇನೆ. ಮೌಲ್ಯ ಎನ್ನುವ ಮಾತನ್ನು ಅಲ್ಲಿ ಯಾರ ಬಾಯಲ್ಲೂ ನಾನು ಕೇಳಿದ ನೆನಪಿಲ್ಲ. ಕಸ ಗುಡಿಸುವ ಪಾಳಿ ಇತ್ತು. ಹಲಗೆಯ ಮೇಲೆ ಹೆಸರು ಬರೆದಿರುತ್ತಿತ್ತು. ಸಭಾಪಾಲಕರ ಮಗ, ಜವಳಿ ಅಂಗಡಿಯವರ ಮಗಳು, ಚಮ್ಮಾರರ ಹುಡುಗ, ಎಲ್ಲರಿಗೂ ಪಾಳಿ ಬರುತ್ತಿತ್ತು. ಯಾರ ಪಾಳಿಯೂ ತಪ್ಪುತ್ತಿರಲಿಲ್ಲ. ಶಿಕ್ಷಕಿಯಾದ ಮೇಲೆ ಎಷ್ಟೋ ಶಾಲೆ ನೋಡಿದೆ. ಶೌಚಾಲಯ ತೊಳೆಯುವ ಕೆಲಸ ಯಾವ ಮಕ್ಕಳ ಮೇಲೆ ಬೀಳುತ್ತದೆ ಎಂಬುದು ನಿಮಗೂ ಗೊತ್ತು, ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ನಮ್ಮ ಸಾಲಿಯ ಆ ಹಲಗೆಯ ಬೆಲೆ ನನಗೆ ತಿಳಿದದ್ದು ಆಗ.

ಕುಡಿಯುವ ನೀರಿಗೆ ಒಂದೇ ಹಂಡೆ. ನೀರು ಕೊಡುವ ಪಾಳಿಯೂ ಎಲ್ಲರದು. ನನ್ನ ಅಜ್ಜಿಗೆ ಇದು ಗೊತ್ತಾದಾಗ ಮನೆಯಲ್ಲಿ ದೊಡ್ಡ ಮಾತೇ ಆಯಿತು. ನಮ್ಮ ಶಿಕ್ಷಕಿ, ಅಂದರೆ ಅಕ್ಕೋರು, ಮನೆಗೆ ಬಂದರು. ವಾದ ಮಾಡಲಿಲ್ಲ. ಪಡಸಾಲೆಯಲ್ಲಿ ಕೂತು, ಅಜ್ಜಿ ಕೊಟ್ಟ ಚಹಾ ಕುಡಿದು, "ಅವ್ವಾರ, ನಿಮ್ಮ ಮೊಮ್ಮಗಳು ಲೆಕ್ಕದಾಗ ಭಾಳ ಶ್ಯಾಣ್ಯಾ ಅದಾಳ್ರಿ, ಬಿಡಿಸಬ್ಯಾಡ್ರಿ" ಎಂದರು. ಅಜ್ಜಿ ಬಿಡಿಸಲಿಲ್ಲ. ಹಂಡೆಯನ್ನೂ ಅವರು ಬದಲಾಯಿಸಲಿಲ್ಲ.

ಮದುವೆಯ ಹಂಗಾಮಿನಲ್ಲಿ ಖಣಕ್ಕೆ ಬೇಡಿಕೆ ಜಾಸ್ತಿ. ಆಗ ನೇಕಾರರ ಮನೆಯ ಮಕ್ಕಳು ಕಂಡಿಕೆ ಸುತ್ತಲು ಕೂರಬೇಕು. ಸಾಲಿ ತಪ್ಪುತ್ತದೆ. ಎರಡು ದಿನ ತಪ್ಪಿದರೆ ಅಕ್ಕೋರು ಬಾಗಿಲಿಗೆ ಬರುತ್ತಿದ್ದರು. ನೂರು ಕುರಿಯಲ್ಲಿ ಒಂದು ತಪ್ಪಿಸಿಕೊಂಡರೆ ಉಳಿದವನ್ನು ಬಿಟ್ಟು ಆ ಒಂದನ್ನು ಹುಡುಕಲು ಹೋದ ಕುರುಬನ ಕಥೆಯನ್ನು ನಮಗೆ ಹೇಳಿದವರೂ ಅವರೇ. ನಾವು ಅದನ್ನು ಯಾವ ಧರ್ಮದ ಕಥೆ ಎಂದು ಕೇಳಲಿಲ್ಲ. ಹುಡುಕಿಕೊಂಡು ಬರುವವರು ಕಣ್ಣೆದುರಿಗೇ ಇದ್ದರು. ಈಗ ಬಾಗಿಲಲ್ಲೇ ಕುರಿಗಳನ್ನು ಎಣಿಸಿ, ಬಲವಾದವನ್ನು ಒಳಗೆ ಬಿಟ್ಟು ಉಳಿದವನ್ನು ವಾಪಸ್ ಕಳಿಸಿದರೆ, ಆ ಕಥೆಯನ್ನು ನಿಮ್ಮ ಶಾಲೆಯಲ್ಲಿ ಮಕ್ಕಳಿಗೆ ಹೇಗೆ ಹೇಳುತ್ತೀರಿ? ಈ ಪ್ರಶ್ನೆಯನ್ನು ನೋಯಿಸಲು ಕೇಳುತ್ತಿಲ್ಲ. ನಿಜವಾಗಿ ಕೇಳುತ್ತಿದ್ದೇನೆ.

ಕಾನೂನಿನ ಮಾತೂ ಬರಲೇಬೇಕು. ಅಲ್ಪಸಂಖ್ಯಾತರು ತಮಗೆ ಬೇಕಾದ ಶಾಲೆ ಕಟ್ಟಿ ನಡೆಸಬಹುದು ಎಂದು ಸಂವಿಧಾನದ 30ನೇ ವಿಧಿ ಹೇಳುತ್ತದೆ. ಅದು ಇರಬೇಕು. ಅದಕ್ಕೆ ಯಾರಾದರೂ ಕೈ ಹಾಕಿದರೆ ನಾನು ನಿಮ್ಮ ಜೊತೆ ನಿಲ್ಲುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಖಾಸಗಿ ಶಾಲೆಗಳು ಒಂದನೇ ತರಗತಿಯಲ್ಲಿ ನೂರಕ್ಕೆ 25 ಸೀಟುಗಳನ್ನು ಬಡ ಮತ್ತು ಹಿಂದುಳಿದ ಮನೆಗಳ ಮಕ್ಕಳಿಗೆ ಕೊಡಬೇಕು ಎಂದಿತು. ಪ್ರವೇಶಕ್ಕೆ ಮಗುವಿನದಾಗಲಿ, ಪಾಲಕರದಾಗಲಿ ಸಂದರ್ಶನ ಮಾಡುವಂತಿಲ್ಲ ಎಂದೂ ಹೇಳಿತು. ಮಾಡಿದರೆ ಮೊದಲ ಸಲ 25 ಸಾವಿರ ರೂಪಾಯಿ ತನಕ, ಆಮೇಲೆ ಪ್ರತಿ ಸಲ 50 ಸಾವಿರ ರೂಪಾಯಿ ತನಕ ದಂಡ. ಆದರೆ 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಈ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ ಎಂದು ತೀರ್ಪು ಕೊಟ್ಟಿತು. ಅನುದಾನ ಪಡೆದ ಶಾಲೆಗೂ ಇಲ್ಲ, ಪಡೆಯದ ಶಾಲೆಗೂ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪು ಸರಿಯೇ ಎಂದು ಅನುಮಾನ ವ್ಯಕ್ತಪಡಿಸಿ, ದೊಡ್ಡ ಪೀಠಕ್ಕೆ ಒಪ್ಪಿಸುವ ವಿಚಾರವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದೆ ಇಟ್ಟರು.

ಕೋರ್ಟಿನಲ್ಲಿ ಏನಾಗುತ್ತದೋ ಆಗಲಿ. ನನಗೆ ಕಾಡುವುದು ಬೇರೆ. ಆ ತೀರ್ಪು ನಿಮಗೆ ಕೊಟ್ಟದ್ದು ಸ್ವಾತಂತ್ರ್ಯ. ಆ ಸ್ವಾತಂತ್ರ್ಯವನ್ನು ಯಾವ ಮಕ್ಕಳಿಗಾಗಿ ಬಳಸಬೇಕು ಎಂಬುದು ನಿಮ್ಮ ಕೈಯಲ್ಲಿದೆ. ನೇಕಾರರ ಮಗುವನ್ನು ಹೊರಗಿಡಲು ಅದನ್ನು ಬಳಸಬಹುದು. ನೂರಕ್ಕೆ 25 ಅಲ್ಲ, ಅದಕ್ಕೂ ಜಾಸ್ತಿ ಅಂಥ ಮಕ್ಕಳನ್ನು ಒಳಗೆ ಕರೆಯಲು ಕೂಡ ಬಳಸಬಹುದು. ನಿಮ್ಮನ್ನು ಯಾರೂ ಬಲವಂತ ಮಾಡಲಾರರು. ಅದಕ್ಕೇ ಆದೇಶಕ್ಕೆ ಕಾಯದೆ ನಿಮ್ಮನ್ನೇ ಕೇಳುತ್ತಿದ್ದೇನೆ. ಅನುದಾನ ಪಡೆಯುವ ಶಾಲೆಗಳು ಇನ್ನೊಂದನ್ನೂ ನೆನಪಿಡಬೇಕು. ಸರ್ಕಾರದ ಹಣ ಪಡೆಯುವ ಶಾಲೆ ಧರ್ಮ, ಜನಾಂಗ, ಜಾತಿ, ಭಾಷೆಯ ಕಾರಣಕ್ಕೆ ಮಗುವನ್ನು ನಿರಾಕರಿಸುವಂತಿಲ್ಲ ಎಂದು 29ನೇ ವಿಧಿಯಲ್ಲೇ ಇದೆ.

2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ನೂರಕ್ಕೆ 1.87. ನಮ್ಮ ಮೂರು ಜಿಲ್ಲೆಗಳಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಅಂದರೆ ನಿಮ್ಮ ಬೆಂಚುಗಳ ಮೇಲೆ ಮೊದಲಿನಿಂದಲೂ ಕೂತವರು ಲಿಂಗಾಯತರ, ಕುರುಬರ, ಮುಸ್ಲಿಮರ, ಮರಾಠರ, ಲಂಬಾಣಿಗರ, ದಲಿತರ ಮಕ್ಕಳು. ಎಲ್ಲರನ್ನೂ ಸೇರಿಸಿಕೊಳ್ಳುವುದು ನಿಮಗೆ ಹೊಸ ಪಾಠವಲ್ಲ. ನಿಮ್ಮ ಶಾಲೆಗಳು ಬೆಳೆದದ್ದೇ ಹಾಗೆ. ಈಗ ಜಾತಿ, ಧರ್ಮ ಕೇಳದ ಕಡೆಯೂ ದುಡ್ಡು ಮತ್ತು ಇಂಗ್ಲಿಷ್ ಕೇಳುತ್ತಿದ್ದಾರೆ. ಹೊರಗೆ ಉಳಿಯುವ ಮಕ್ಕಳು ಮಾತ್ರ ಹೆಚ್ಚು ಕಡಿಮೆ ಅವರೇ.

ವಿಜಯಪುರದ ತಾಂಡಾಗಳನ್ನು ನೋಡಿ. ದಸರೆ, ದೀಪಾವಳಿ ಹೊತ್ತಿಗೆ ಮನೆಮಂದಿಯೆಲ್ಲ ಮಹಾರಾಷ್ಟ್ರದ ಕಡೆ ಕಬ್ಬು ಕಡಿಯಲು ಹೋಗುತ್ತಾರೆ. ಗೋವಾಕ್ಕೆ, ಮಂಗಳೂರಿಗೆ ಕಟ್ಟಡದ ಕೆಲಸಕ್ಕೂ ಹೋಗುತ್ತಾರೆ. ದುಡಿಯಲು ಹೋಗುವುದಕ್ಕೆ ನಮ್ಮ ಕಡೆ ಗುಳೆ ಎನ್ನುತ್ತಾರೆ. ಮಗು ಅವರ ಜೊತೆ ಹೋಗುತ್ತದೆ. ಬೇಸಿಗೆಗೆ ವಾಪಸ್ ಬಂದರೆ ಹಾಜರಿ ಪುಸ್ತಕದಲ್ಲಿ ಹೆಸರು ಇರುವುದಿಲ್ಲ. ಇಂಥ ಮಗುವನ್ನು ಯಾವ ಸಂದರ್ಶನ ದಾಟಿಸುತ್ತದೆ? ಇಂಥವರನ್ನು ತಮ್ಮ ಹತ್ತಿರ ಉಳಿಸಿಕೊಂಡು ಓದಿಸುವ ಸಿಸ್ಟರ್‌ಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಾತ್ರಿ ಹೇನು ತೆಗೆದು, ತಲೆ ಬಾಚಿ, ಮನೆ ನೆನಪಾಗಿ ಅಳುವ ಮಗುವನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುವ ಹೆಣ್ಣುಮಕ್ಕಳು ಅವರು. ಅವರ ಈ ಕೆಲಸಕ್ಕೆ ಸಿಗುವ ಗೌರವ ನಿಮ್ಮ ಸಂಸ್ಥೆಗಳ ಒಳಗೇ ಕಡಿಮೆ ಎಂದು ನನಗೆ ಅನಿಸುತ್ತದೆ. ವಾರ್ಷಿಕೋತ್ಸವದ ವೇದಿಕೆ ಮೇಲೆ ಮೊದಲು ಕರೆಯಬೇಕಾದವರು ಅವರು.

ಸವದತ್ತಿಯ ಸುತ್ತಮುತ್ತ, ನಮ್ಮ ಬಾಗಲಕೋಟೆಯ ಕೆಲವು ಊರುಗಳಲ್ಲಿ, ದೇವದಾಸಿಯರಾಗಿದ್ದ ತಾಯಂದಿರ ಮಕ್ಕಳಿದ್ದಾರೆ. ಆ ಪದ್ಧತಿಯನ್ನು 1982ರಲ್ಲೇ ಕಾನೂನು ಮಾಡಿ ನಿಷೇಧಿಸಿದ್ದಾರೆ. ಅರ್ಜಿಯಲ್ಲಿ 'ತಂದೆಯ ಹೆಸರು' ಎಂಬ ಖಾನೆ ಮಾತ್ರ ಹಾಗೇ ಇದೆ. ಆ ಖಾನೆಯ ಮುಂದೆ ಪೆನ್ನು ಹಿಡಿದು ಕೂತ ತಾಯಿಯನ್ನು ನಾನು ನನ್ನ ಶಾಲೆಯಲ್ಲೇ ನೋಡಿದ್ದೇನೆ. ತಾಯಿಯ ಹೆಸರು ಬರೆದರೆ ಸಾಕು ಎಂದು ನಿಮ್ಮ ಅರ್ಜಿಯಲ್ಲಿ ಒಂದು ಸಾಲು ಅಚ್ಚು ಹಾಕಿಸಿ. ಅದಕ್ಕೆ ಖರ್ಚಿಲ್ಲ. ಸಭೆ ಕರೆಯಬೇಕಾಗಿಲ್ಲ. ಎಷ್ಟು ತಾಯಂದಿರ ತಲೆ ಅದರಿಂದ ಮೇಲೆ ಎದ್ದೀತು!

ಕಿವಿ ಕೇಳದ, ಕಣ್ಣು ಮಂಜಾದ, ನಿಧಾನವಾಗಿ ಕಲಿಯುವ ಮಕ್ಕಳ ವಿಷಯದಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸ್ಪಷ್ಟವಾಗಿದೆ. ಸರ್ಕಾರದ ಮಾನ್ಯತೆ ಪಡೆದ ಶಾಲೆಗಳು ಅವರನ್ನು ಉಳಿದವರ ಜೊತೆಯಲ್ಲೇ ಕಲಿಸಬೇಕು. ಇದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಕನ್ನಡ ಮಾಧ್ಯಮದ ಬಗ್ಗೆ ಮಾತ್ರ ಹೇಳಲೇಬೇಕು. ನಿಮ್ಮ ಹಳೆಯ ಅನುದಾನಿತ ಕನ್ನಡ ಶಾಲೆಗಳಲ್ಲಿ ನಿವೃತ್ತರಾದ ಶಿಕ್ಷಕರ ಜಾಗ ವರ್ಷಗಟ್ಟಲೆ ಖಾಲಿ ಇರುತ್ತದೆ. ತುಂಬಲು ಅನುಮತಿಗಾಗಿ ಕಾದು ನೀವು ಸೋತಿದ್ದೀರಿ. ಈ ತಪ್ಪು ನಿಮ್ಮದಲ್ಲ, ಸರ್ಕಾರದ್ದು. ಸರ್ಕಾರಕ್ಕೂ ನಾನು ಬರೆಯುತ್ತೇನೆ. ಆದರೆ ಅದೇ ಆವರಣದಲ್ಲಿ ಇಂಗ್ಲಿಷ್ ಮಾಧ್ಯಮದ ಹೊಸ ಕಟ್ಟಡ ಏಳುತ್ತದೆ, ಕನ್ನಡ ಶಾಲೆಯ ಹಂಚು ಸೋರುತ್ತದೆ. ಒಂದೇ ಗೇಟಿನೊಳಗೆ ಎರಡು ತರಹದ ಮಕ್ಕಳು. ಒಂದು ಕಡೆ ಬೂಟು, ಇನ್ನೊಂದು ಕಡೆ ಬರಿಗಾಲು. ಆಟದ ಬಿಡುವೂ ಬೇರೆ ಬೇರೆ ಹೊತ್ತಿಗೆ. ಕನಿಷ್ಠ ಪ್ರಾರ್ಥನೆಗೆ, ಆಟಕ್ಕೆ, ಊಟಕ್ಕೆ ಇಬ್ಬರನ್ನೂ ಕೂಡಿಸಿ. ಕನ್ನಡ ಶಾಲೆಯ ಮಕ್ಕಳಿಗೆ ಅಕ್ಷರ ದಾಸೋಹದ ಊಟ ಇರುತ್ತದೆ. ಇಂಗ್ಲಿಷ್ ಶಾಲೆಯ ಮಕ್ಕಳು ಡಬ್ಬಿ ತಂದು ಅವರ ಪಕ್ಕದಲ್ಲೇ ಕೂತು ಉಣ್ಣಲಿ. ಇದಕ್ಕೆ ಯಾವ ಇಲಾಖೆಯ ಅನುಮತಿ ಬೇಕು?

ಫೀಸು ಇಲ್ಲದೆ ಶಾಲೆ ನಡೆಸೋದು ಹೇಗೆ ಎಂದು ನೀವು ಕೇಳುತ್ತೀರಿ. ಕೇಳಬೇಕಾದ್ದೇ. ಅನುದಾನ ಇಲ್ಲದ ಶಾಲೆಯಲ್ಲಿ ಶಿಕ್ಷಕರ ಸಂಬಳ ಫೀಸಿನಿಂದಲೇ ಬರಬೇಕು, ಆ ಸಂಬಳವೂ ಈಗಲೇ ಕಡಿಮೆ. ಎಲ್ಲರಿಗೂ ಫೀಸು ಬಿಡಿ ಎಂದು ನಾನು ಹೇಳುತ್ತಿಲ್ಲ. ಮೊದಲು ಸೇರಿಸಿಕೊಳ್ಳಿ, ಆಮೇಲೆ ಫೀಸಿನ ಮಾತಾಡಿ. ಕೊಡಬಲ್ಲವರು ಪೂರ್ತಿ ಕೊಡಲಿ. ಆಗದವರಿಗೆ ಕಡಿಮೆ ಮಾಡಿ. ಕೊರತೆ ತುಂಬಲು ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ನಮ್ಮ ಕಡೆ ಮಠಗಳು ಪ್ರಸಾದ ನಿಲಯ ನಡೆಸಿದ್ದು ಹೇಗೆ? ಸುಗ್ಗಿಗೆ ರೈತರು ಜೋಳದ ಚೀಲ ತಂದು ಇಳಿಸುತ್ತಿದ್ದರು. ಆ ಅನ್ನ ಉಂಡು ಸಾವಿರಾರು ಬಡ ಹುಡುಗರು ಓದಿದರು. ಅದೇ ಜನ ನಿಮ್ಮ ಶಾಲೆಗೂ ಕೊಡುತ್ತಾರೆ. ನಿಮ್ಮಲ್ಲಿ ಕಲಿತು ಡಾಕ್ಟರ್, ತಹಶೀಲ್ದಾರ್, ವ್ಯಾಪಾರಸ್ಥರಾದವರು ಎಲ್ಲ ಜಾತಿಯಲ್ಲಿ ಇದ್ದಾರೆ. ನೀವು ಅವರನ್ನು ಕೇಳಿಯೇ ಇಲ್ಲ. ಗೆಸ್ಟ್ ಆಗಿ ಕರೆದು ಶಾಲು ಹೊದಿಸಿ ಕಳಿಸುತ್ತೀರಿ. ಮುಂದಿನ ಸಲ ಒಂದು ಮಗುವಿನ ಫೀಸು ಕೇಳಿ.

ಇನ್ನು ಪ್ರಾರ್ಥನೆ ಮತ್ತು ಅನುಮಾನದ ಮಾತು. 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮತಾಂತರ ವಿರೋಧಿ ಮಸೂದೆ ವಿಧಾನಸಭೆಯಲ್ಲಿ ಪಾಸಾದ ದಿನಗಳು ನನಗೆ ನೆನಪಿವೆ. ನಿಮ್ಮ ಶಾಲೆಗಳ ಬಗ್ಗೆ ಏನೇನೋ ಮಾತು ಹಬ್ಬಿತ್ತು. ನಾನು ಪ್ರತಿಸಲ ಹೇಳಿದ್ದು ಒಂದೇ: ನಾನು ಅಲ್ಲಿ ಕಲಿತೆ, ನನ್ನ ಲಿಂಗ ನನ್ನ ಕೊರಳಲ್ಲೇ ಇದೆ. ಮಾನ್ಯತೆ ಪಡೆದ ಶಾಲೆಯಲ್ಲಿ ಪಾಲಕರ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಧರ್ಮಬೋಧನೆಗೆ ಕೂರಿಸುವಂತಿಲ್ಲ ಎಂದು 28ನೇ ವಿಧಿ ಹೇಳುತ್ತದೆ. ನಿಮ್ಮ ಕ್ಯಾಥೊಲಿಕ್ ಬಿಷಪ್‌ಗಳ ಸಮ್ಮೇಳನವೂ 2024ರ ಏಪ್ರಿಲ್‌ನಲ್ಲಿ ದೇಶದ ತನ್ನ ಶಾಲೆಗಳಿಗೆ ಇದನ್ನೇ ತಿಳಿಸಿತು. ಬೇರೆ ಧರ್ಮದ ಮಕ್ಕಳ ಮೇಲೆ ನಮ್ಮ ಆಚರಣೆ ಹೇರಬೇಡಿ, ಬೆಳಗಿನ ಪ್ರಾರ್ಥನೆಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ, ಎಲ್ಲ ಧರ್ಮದವರಿಗೂ ಪ್ರಾರ್ಥನೆಗೆ ಜಾಗ ಮಾಡಿ ಎಂದು. ಒಳ್ಳೆಯ ಮಾತು. ಇದನ್ನು ಕನ್ನಡದಲ್ಲಿ ಬರೆಸಿ ಗೇಟಿನ ಹತ್ತಿರ ಹಾಕಿಸಿ, ಪಾಲಕರಿಗೆ ಗೊತ್ತಾಗಲಿ. ತಿಂಗಳಿಗೆ ಒಂದು ದಿನ ಪಾಲಕರನ್ನೂ ಪ್ರಾರ್ಥನೆಗೆ ಕರೆದು ನಿಲ್ಲಿಸಿಕೊಳ್ಳಿ. ಆದರೆ ಅನುಮಾನಕ್ಕೆ ಹೆದರಿ ಏಸುವಿನ ಹೆಸರನ್ನೇ ಬಿಡಬೇಡಿ. ಅದು ನಿಮ್ಮ ಶಾಲೆ. ನಿಮ್ಮ ಹಾಡು ನೀವು ಹಾಡಿ, ನಾವು ಪಕ್ಕದಲ್ಲಿ ಕೈ ಮುಗಿದು ನಿಲ್ಲುತ್ತೇವೆ. ನಾಗರಪಂಚಮಿಗೆ ನಮ್ಮ ಮಕ್ಕಳು ತಂದ ಉಂಡಿಯನ್ನು ನೀವು ತಿನ್ನಿ. ಸಾಲಿಯಲ್ಲಿ ನಾವು ಹಾಗೇ ಬೆಳೆದೆವು.

ಮುಂದಿನ ವರ್ಷದ ಅರ್ಜಿಗಳನ್ನು ನೀವು ಬೇಸಿಗೆಗೆ ಮುಂಚೆಯೇ ಅಚ್ಚಿಗೆ ಕೊಡುತ್ತೀರಿ. ಅಚ್ಚಿಗೆ ಕೊಡುವ ಮುಂಚೆ ಆಡಳಿತ ಮಂಡಳಿಯ ಸಭೆಯಲ್ಲಿ ಈ ಪತ್ರವನ್ನು ಒಮ್ಮೆ ಓದಿ. ಅರ್ಜಿಯಿಂದ ಪಾಲಕರ ಓದು, ಆದಾಯ, ಮನೆಯ ಇಂಗ್ಲಿಷ್ ತೆಗೆದುಹಾಕಿ. ಸಂದರ್ಶನ ಇಲ್ಲ, ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಇಂಥ ದಿನ ಚೀಟಿ ಎತ್ತುತ್ತೇವೆ ಎಂದು ನೋಟಿಸ್ ಬೋರ್ಡಿಗೆ ಹಾಕಿ. ಗುಳೆ ಹೋದ ಮಗುವಿನ ಹೆಸರನ್ನು ಹಾಜರಿಯಿಂದ ತೆಗೆಯಬೇಡಿ ಎಂದು ಹೆಡ್‌ಮಾಸ್ಟರರಿಗೆ ಬರೆದು ಕೊಡಿ.

ಇಂಗ್ಲಿಷ್ ಬಾರದ ಮಕ್ಕಳು ಒಂದೇ ಸಲ ಬಂದರೆ ಶಿಕ್ಷಕಿಯರಿಗೆ ಕಷ್ಟ ಆಗುತ್ತದೆ, ನಿಜ. ನಾನು ನಲಿಕಲಿ ತರಗತಿಯಲ್ಲಿ ಬಹಳ ವರ್ಷ ಕೆಲಸ ಮಾಡಿದ್ದೇನೆ. ಒಂದೇ ಕೋಣೆಯಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳನ್ನು ಗುಂಪು ಮಾಡಿ ಕಲಿಸುವುದು ನನಗೆ ಗೊತ್ತು. ಗುಳೇದಗುಡ್ಡ, ಬಾದಾಮಿ, ಹುನಗುಂದ ಕಡೆಯ ನಿಮ್ಮ ಯಾವ ಶಾಲೆಯವರು ಹೇಳಿ ಕಳಿಸಿದರೂ ಬರುತ್ತೇನೆ. ಸಂಬಳ ಬೇಡ. ನನ್ನ ಹಾಗೆ ನಿವೃತ್ತರಾದ ಗೆಳತಿಯರೂ ಇದ್ದಾರೆ, ಅವರನ್ನೂ ಕರೆದುಕೊಂಡು ಬರುತ್ತೇನೆ. ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲ ವಾರದಿಂದಲೇ ಬರಬಲ್ಲೆವು. ನಿಮ್ಮ ತೀರ್ಮಾನ ಏನೇ ಇರಲಿ, ಅದನ್ನು ಪಾಲಕರಿಗೆ ಬರವಣಿಗೆಯಲ್ಲಿ ತಿಳಿಸಿ.

ನಿಮ್ಮ ಸಾಲಿಯಲ್ಲಿ ಕಲಿತ ಒಬ್ಬ ನಿವೃತ್ತ ಶಿಕ್ಷಕಿ,
ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ